ಬ್ಯಾರನ್ ಹಿಂದೆ ಬಚ್ಚಿಟ್ಟ ಗಾಡಿ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಗಾಡಿ ತಲೆಮರೆಸಿಕೊಂಡಿತ್ತು. ಕೊಪ್ಪದ ಸೈಬರ್ ಸೆಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ, ಕೋಪ ಇನ್ನೂ ಇಳಿದಿಲ್ಲ.

ರಿಟೈರಾದ ಮೇಲೆ ನಾನೂ ಯಜಮಾನರೂ ಹಳೇ ವ್ಯಾನಿಗೆ ಮಂಚ, ಸ್ಟೌ ಹಾಕಿಸಿಕೊಂಡು ಊರೂರು ಸುತ್ತುವುದು ನಿಮಗೆ ಗೊತ್ತು. ನಿನ್ನೆ ಹಾರನಹಳ್ಳಿಯಲ್ಲಿ ನನ್ನ ತಮ್ಮನ ಮನೆ ಮುಂದೆ ನಿಲ್ಲಿಸಿ, ಅದರಲ್ಲೇ ಮಲಗಿದೆವು. ಬೆಳಿಗ್ಗೆ ಅವನು ಬಂದು ಬಾಗಿಲು ಬಡಿದ.

"ಅಕ್ಕ, ಮಗಳ್ನ ನೋಡಕ್ಕೆ ಗಂಡಿನ ಕಡೆಯೋರು ಬತ್ತಾವ್ರೆ. ಗಾಡೀನ ಬ್ಯಾರನ್ ಹಿಂದಕ್ಕೆ ನಿಲ್ಸು ಅಂತ ಭಾವಂಗೆ ಹೇಳು. ಒಡಹುಟ್ಟಿದೋಳು ಮನೆ ಮಠ ಇಲ್ದೋರಂಗೆ ಬೀದೀಲಿ ಮಲ್ಗವ್ಳೆ ಅಂದ್ರೆ ನನ್ ಮರ್ಯಾದೆ ಏನಾಗ್ಬೇಕು?"

ಯಜಮಾನರು ಗಾಡಿ ತೆಗೆದು, ಬ್ಯಾರನ್ ಅನ್ನುವ ಆ ಹೊಗೆಸೊಪ್ಪು ಒಣಗಿಸುವ ಕಟ್ಟಡದ ಹಿಂದೆ ನಿಲ್ಲಿಸಿದರು. ಅಷ್ಟಕ್ಕೂ ಸಮಾಧಾನವಾಗದೆ ತಮ್ಮ ಗಾಡಿಯ ಮೇಲೊಂದು ಟಾರ್ಪಾಲು ಹೊದಿಸಿದ.

ಹೊಗೆಸೊಪ್ಪು ಬೆಳೆಯುವವರು ಇನ್ನೊಬ್ಬ ಬೆಳೆಗಾರನ ಮನೆಗೆ ಹೋದರೆ, ಸೊಪ್ಪು ಬೇಯಿಸುವ ಬ್ಯಾರನ್ ನೋಡದೆ ಎದ್ದು ಹೋಗುವುದಿಲ್ಲ. ತಾನೂ ಅದನ್ನೇ ಬೆಳೆಯುವ ನನ್ನ ತಮ್ಮನಿಗೆ ಇದು ಹೊಳೆಯಲೇ ಇಲ್ಲ. ತಾವೂ ಹೊಗೆಸೊಪ್ಪು ಬೆಳೆಯುವ ಗಂಡಿನ ತಂದೆ ಉಪ್ಪಿಟ್ಟು ಮುಗಿಸಿ ನೇರ ಅಲ್ಲಿಗೇ ನಡೆದರು. ಟಾರ್ಪಾಲು ಎತ್ತಿದರು, ಗಾಡಿ ಹತ್ತಿದರು, ಮಂಚದ ಮೇಲೆ ಕೂತು ನಾನು ಕೊಟ್ಟ ಕಾಫಿಯನ್ನೂ ಕುಡಿದರು.

"ಬೋ ಚೆಂದಾಗದೆ ಕಣಮ್ಮ. ಯಾರ್ದು ಇದು?"

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿದ: "ನಮ್ದೇ ಕಣ್ರೀ. ನಾನೇ ನಿಂತು ಮಾಡಿಸ್ದೆ."

ಹೊರಡುವಾಗ ಟಾರ್ಪಾಲನ್ನು ಮಡಿಸಿ ಅವನ ಕೈಗಿಟ್ಟೆ.

"ಇಟ್ಕೊ, ಮುಖ ಮುಚ್ಕೊಳಕ್ಕೆ ನಿಂಗೇ ಬೇಕಾಯ್ತದೆ."