ಅಕ್ಕನ ಟ್ರಕ್ಕಿನ ಚಿಕ್ಕ ಲಿವರ್

ಅವನ ಗಾಡಿ ರಿಪೇರಿ ಶೆಡ್ಡಿಗೆ ಬಾಗಿಲಿರಲಿಲ್ಲ. ಇದ್ದೊಂದು ಬಾಗಿಲನ್ನು ಯಾರದೋ ಟ್ರೇಲರಿನ ತಳಕ್ಕೆ ಬಡಿದು ಕೊಟ್ಟುಬಿಟ್ಟಿದ್ದ. ಜೇಬಿನಲ್ಲಿ ಸದಾ ಒಂದು ಸುತ್ತು ಕಬ್ಬಿಣದ ತಂತಿ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ತಂತಿ ಮೇಸ್ತ್ರಿ. ಸವೆದ ಚಪ್ಪಲಿಯ ರಬ್ಬರು ಅವನ ಕೈಯಲ್ಲಿ ಗಾಡಿಯ ಅದುರು ತಡೆಯುವ ಬುಶ್ ಆಗುತ್ತಿತ್ತು. ಹಳೇ ಬೆಲ್ಟಿನ ಚರ್ಮ ಎಣ್ಣೆ ಸೋರದಂತೆ ತಡೆಯುವ ಸೀಲ್ ಆಗುತ್ತಿತ್ತು.

“ಮೇಸ್ತ್ರಿ, ನನ್ನ ಅಲ್ಲಾಡೋ ಹಲ್ಲಿಗೂ ಒಂದು ಸುತ್ತು ಹಾಕ್ಬಿಡು” ಎಂದು ಇಟ್ಟಿಗೆ ಲಾರಿಯವನು ಛೇಡಿಸಿದರೆ, “ಹಾಕ್ತೀನಿ ಬಾ, ಬಾಯಿಗೂ ಸೇರಿಸೇ ಬಿಗಿತೀನಿ” ಎನ್ನುತ್ತಿದ್ದ. ಹಾಗೆ ಕರೆಸಿಕೊಳ್ಳುವುದು ಅವನಿಗೆ ಒಳಗೊಳಗೇ ಹಿಗ್ಗು. ದೊಡ್ಡ ಗ್ಯಾರೇಜಿನವರು ಗುಜರಿಗೆ ಹಾಕಿ ಅಂದ ಗಾಡಿಗಳನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಓಡಿಸಿ ಕಳಿಸುತ್ತಿದ್ದ.

ಅಂಥ ಗಾಡಿಗಳಲ್ಲಿ ಅವನ ಅಕ್ಕನ ಟ್ರಕ್ಕೂ ಒಂದು. ಗುಡ್ಡದ ಮೇಲಿನ ಇಳಿಜಾರಿನಲ್ಲಿ ಅಕ್ಕ ಆಲೂಗೆಡ್ಡೆ ಬೆಳೆಯುತ್ತಿದ್ದಳು. ಭಾವನಿಗೆ ಉಬ್ಬಸ, ಸ್ಟಿಯರಿಂಗ್ ತಿರುಗಿಸುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಹಾಗಾಗಿ ಐವತ್ತೆಂಟು ದಾಟಿದ್ದ ಅಕ್ಕನೇ ಡ್ರೈವರ್. ಹೊಲದ ದಾರಿ ಬರೀ ಜಾರು ಮಣ್ಣು. ನಾಲ್ಕು ಚಕ್ರಕ್ಕೂ ಎಳೆತ ಸಿಗದಿದ್ದರೆ ಗಾಡಿ ಹತ್ತುವುದಿಲ್ಲ, ಹತ್ತಿದರೂ ಹಿಡಿತದಲ್ಲಿ ಇಳಿಯುವುದಿಲ್ಲ. ಆ ಎಳೆತ ಕೊಡುವುದು ಗೇರಿನ ಪಕ್ಕದ ಚಿಕ್ಕ ಲಿವರ್. ಅದು ಮುಂದಿದ್ದರೆ ನಾಲ್ಕೂ ಚಕ್ರ ಎಂಜಿನ್ನಿನ ಹಿಡಿತದಲ್ಲಿರುತ್ತವೆ. ನಡುವೆ ಜಾರಿ ನಿಂತಿತೋ, ಎಂಜಿನ್ ಒಂದು ಕಡೆ, ಚಕ್ರಗಳು ಒಂದು ಕಡೆ.

ಎರಡು ವರ್ಷದ ಹಿಂದೆ ಅದು ಜಾರತೊಡಗಿತು. ತಂತಿ ಮೇಸ್ತ್ರಿ ಕೆಳಗಿನಿಂದ ಬಿಚ್ಚಿ ನೋಡಿದ. ಲಿವರನ್ನು ಜಾರದಂತೆ ಹಿಡಿಯುವ ಒಳಗಿನ ಸರಳಿನ ಕಚ್ಚು ಸವೆದು ನುಣ್ಣಗಾಗಿತ್ತು. ಅಷ್ಟು ಹಳೆಯ ಗಾಡಿಗೆ ಹೊಸ ಸರಳು ಎಲ್ಲೂ ಸಿಗುವಂತಿರಲಿಲ್ಲ. ಲೇತಿನವನ ಹತ್ತಿರ ಕಡೆಸಬೇಕು, ಎರಡು ವಾರ ಬೇಕು. ಹೊಲದಲ್ಲಿ ಆಲೂಗೆಡ್ಡೆ ಅಗೆತ ನಡೆದಿತ್ತು. ಸ್ಟೋವಿನ ಹಳೇ ಸ್ಪ್ರಿಂಗೊಂದನ್ನು ಒಳಗೆ ತುರುಕಿ, ಮೇಲಿನಿಂದ ಲಿವರನ್ನು ಸೈಕಲ್ ಟ್ಯೂಬಿನಿಂದ ಮುಂದಕ್ಕೆ ಎಳೆದು ಕಟ್ಟಿದ.

“ಅಗೆತ ಮುಗೀಲಿ ಅಕ್ಕ, ಸರಿಯಾಗಿ ಮಾಡಿಕೊಡ್ತೀನಿ.”

ಅಗೆತ ಮುಗಿಯಿತು. ಅವನು ಮರೆತನೆಂದಲ್ಲ. ಟ್ರಕ್ಕು ಶೆಡ್ಡಿನ ಮುಂದೆ ಹಾದಾಗಲೆಲ್ಲ ನೋಡುತ್ತಿದ್ದ, ಓಡ್ತಾ ಇದೆಯಲ್ಲ ಅಂದುಕೊಳ್ಳುತ್ತಿದ್ದ.

ಮರುವರ್ಷದ ಅಗೆತದಲ್ಲಿ ಒಂದು ಬೆಳಗ್ಗೆ ಸೋನೆ ಹಿಡಿದಿತ್ತು. ಅಕ್ಕ ಮೂವತ್ತು ಮೂಟೆ ಹೇರಿಕೊಂಡು ಇಳಿಯುತ್ತಿದ್ದಾಗ ಚಕ್ರ ಕಲ್ಲೊಂದನ್ನು ಹತ್ತಿಳಿಯಿತು, ಲಿವರ್ ಜಾರಿತು. ಎಂಜಿನ್ ಸುಮ್ಮನೆ ಅರಚಿತು. ನೆನೆದ ಬ್ರೇಕು ಅಷ್ಟು ಭಾರ ತಡೆಯಲಿಲ್ಲ. ಕೆಳಗೆ ದಾರಿಯ ತಿರುವಿನಲ್ಲಿ ಮನೆಗಳಿದ್ದವು. ಅವಳು ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ತಿರುಗಿಸಿದಳು. ಟ್ರಕ್ಕು ಮಗ್ಗುಲಾಯಿತು, ಅವಳ ಕಾಲು ಬಾಗಿಲಿನ ಕೆಳಗೆ ಸಿಕ್ಕಿಕೊಂಡಿತು.

ತಂತಿ ಮೇಸ್ತ್ರಿ ಓಡಿ ಬಂದ. ಕ್ಯಾಬಿನ್ನಿನೊಳಗೆ ತಲೆ ತೂರಿಸಿದವನ ಕಣ್ಣು ಮೊದಲು ಹೋದದ್ದು ಅಕ್ಕನ ಮುಖಕ್ಕಲ್ಲ, ಲಿವರಿಗೆ. ಟ್ಯೂಬು ಹರಿದು ನೇತಾಡುತ್ತಿತ್ತು, ಲಿವರ್ ನಡುವಿನಲ್ಲಿತ್ತು. ಅವನು ಅದನ್ನು ಮುಂದಕ್ಕೆ ತಳ್ಳಿದ. ಹರಿದ ಟ್ಯೂಬನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ “ಅಕ್ಕಾ” ಎಂದು ಕೂಗಿದ.

ಆಸ್ಪತ್ರೆಯಲ್ಲಿ ಬಂದವರಿಗೆಲ್ಲ ಅಕ್ಕ ಹೇಳಿದ್ದು ಒಂದೇ ಮಾತು: “ಬ್ರೇಕ್ ಹಿಡೀಲಿಲ್ಲ.” ಭಾವ ಇವನ ಭುಜದ ಮೇಲೆ ಕೈಯಿಟ್ಟು, “ನೀನು ನೋಡ್ಕೊಂಡಿದ್ದಕ್ಕೆ ಗಾಡಿ ಇಷ್ಟು ವರ್ಷ ಬಾಳಿತು ಮಾರಾಯ” ಎಂದ. ಆ ಕೈ ಅವನಿಗೆ ಕೊಳ್ಳಿಯಂತೆ ಸುಟ್ಟಿತು. ನಾಲ್ಕನೆಯ ದಿನ ಭಾವ ಔಷಧಿ ತರಲು ಹೋದಾಗ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ನೆಲ ನೋಡುತ್ತಾ ಹೇಳಿದ.

“ಬ್ರೇಕ್ ಅಲ್ಲ ಅಕ್ಕ. ನಾನು ಕಟ್ಟಿದ್ದ ಟ್ಯೂಬು.”

“ಗೊತ್ತು.”

ಅವನು ತಲೆಯೆತ್ತಿದ.

“ಹೋದ ವರ್ಷದಿಂದ ಅದು ಬಿಗಿಯಾಗಿ ನಿಲ್ತಿರಲಿಲ್ಲ. ಇಳಿಯೋವಾಗೆಲ್ಲ ಮೊಣಕಾಲಲ್ಲಿ ಒತ್ತಿ ಹಿಡ್ಕೊಂಡೇ ಇಳೀತಿದ್ದೆ. ಅವತ್ತು ಗಾಡಿ ಎತ್ತಿಹಾಕ್ತು, ಕಾಲು ತಪ್ಪಿತು.”

“ಯಾಕೆ ಹೇಳ್ಲಿಲ್ಲ ನನಗೆ?”

“ಹೇಳಿದ್ರೆ ನೀನು ಇನ್ನೊಂದು ಟ್ಯೂಬ್ ಕಟ್ತಿದ್ದೆ, ಅಷ್ಟೇ.” ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಹೊದಿಕೆ ಎಳೆದುಕೊಳ್ಳುತ್ತಾ ಅವಳೇ ಹೇಳಿದಳು: “ನೀನು ಲಿವರ್ ಮುಂದಕ್ಕೆ ತಳ್ಳಿದ್ದನ್ನೂ ನೋಡಿದೆ ಕಣೋ. ನನಗೆ ಎಚ್ಚರ ಇತ್ತು.”

ಹಾಗೆಂದು ಗೋಡೆ ಕಡೆ ಮುಖ ತಿರುಗಿಸಿದಳು. ಭಾವ ಔಷಧಿಯೊಂದಿಗೆ ಬಂದಾಗಲೂ ತಿರುಗಲಿಲ್ಲ. ಇವನು ಭಾವನಿಗೂ ಅಲ್ಲೇ, ಹೊರಗಿನ ಮೆಟ್ಟಿಲ ಮೇಲೆ, ಎಲ್ಲ ಹೇಳಿದ. ಭಾವ ಕೇಳಿಸಿಕೊಂಡು ಎದ್ದು ಒಳಗೆ ಹೋದ. ಮೂರು ತಿಂಗಳು ಇವನ ಜೊತೆ ಒಂದು ಮಾತೂ ಆಡಲಿಲ್ಲ.

ಅಕ್ಕನ ಮೊಣಕಾಲನ್ನು ಮತ್ತೆ ಪೂರ್ತಿ ಮಡಚಲಾಗಲಿಲ್ಲ. ಲೇತಿನವನ ಎದುರು ಹನ್ನೊಂದು ದಿನ ಕೂತು ಅವನು ಸರಳು ಕಡೆಸಿ ತಂದು ಹಾಕಿದ. ಈಗ ಆ ಟ್ರಕ್ಕನ್ನು ಸಂಬಳದ ಡ್ರೈವರ್ ಓಡಿಸುತ್ತಾನೆ. ಅಕ್ಕ ಕೋಲೂರಿಕೊಂಡು ಹೊಲದ ಅಂಚಿಗೆ ಬಂದು ನಿಲ್ಲುತ್ತಾಳೆ. ತಮ್ಮ ಹೋದರೆ ಕಾಫಿ ಕೊಡುತ್ತಾಳೆ. ಮೊದಲಿನ ಹಾಗೆ ಸಲಿಗೆಯಿಂದ ಗದರುವುದಿಲ್ಲ.

ಅದಾದ ಮೇಲೆ ಅವನು ತಾನು ಹಿಂದೆ ಹೀಗೇ ಏನೋ ಕಟ್ಟಿ ಓಡಿಸಿದ್ದ ಗಾಡಿಗಳನ್ನು ಬಿಚ್ಚಿ ಸರಿಮಾಡಲು ಹುಡುಕಿಕೊಂಡು ಹೊರಟ. ನೆನಪಾದವು ಹದಿನಾಲ್ಕು. ಕೆಲವರು ಬಿಚ್ಚಲು ಬಿಟ್ಟರು, ಕೆಲವರು ನಕ್ಕರು. ಇಟ್ಟಿಗೆ ಲಾರಿಯವನಂತೂ ಎಂಜಿನ್ ಆರಿಸಲೂ ಇಲ್ಲ.

“ನಿನ್ನ ಏರ್ ಬ್ರೇಕಿಗೆ ನಾನು ಹಾಕಿರೋದು ಗ್ಯಾಸ್ ಒಲೆ ಪೈಪು. ಒಂದೇ ಒಂದು ಗಂಟೆ ಕೊಡು” ಎಂದು ಇವನು ಬಾಗಿಲು ಹಿಡಿದುಕೊಂಡು ಬೇಡಿದ.

“ಚೆನ್ನಾಗೇ ಓಡ್ತಿದೆಯಲ್ಲ! ಓಡೋ ಗಾಡೀನ ಯಾಕೆ ಕೆದಕ್ತೀಯ? ಬಿಡು ಬಿಡು, ಲೋಡ್ ಇಳಿಸ್ಬೇಕು.”

ಲಾರಿ ಹೊರಟಿತು. ತಂತಿ ಮೇಸ್ತ್ರಿ ಸ್ವಲ್ಪ ದೂರ ಅದರ ಪಕ್ಕದಲ್ಲೇ ಓಡಿದ. ಆಮೇಲೆ ರಸ್ತೆ ಅಂಚಿನಲ್ಲಿ ನಿಂತು, ಕೆಳಗಿನ ತಿರುವಿನಲ್ಲಿ ಅದು ನಿಧಾನವಾಗುವ ಸದ್ದು ಕೇಳಿಸುವವರೆಗೂ ಕಿವಿಗೊಟ್ಟ. ಮಾರನೆಯ ದಿನ ಬೆಳಗ್ಗೆ ಮತ್ತೆ ಲಾರಿಯವನ ಮನೆ ಮುಂದೆ ಹೋಗಿ ಕೂತ.