ದೇವಲಾಪುರದ ನೀಲಿ ಚುಕ್ಕಿ

ದೇವಲಾಪುರದ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೇನೆ. ಮುಂದಿಟ್ಟ ಟೀ ಆರಿಹೋಗಿದೆ.

ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ದೊಡ್ಡಪ್ಪನನ್ನು ಕರೆದುಕೊಂಡು ಬಂದೆ. ನಮ್ಮ ಮನೆದೇವರು ಇಲ್ಲಿನ ಹೊಲಗಳ ನಡುವಿನ ಒಂದು ಕಲ್ಲು. ಗುಡಿಯಿಲ್ಲ, ಬೋರ್ಡಿಲ್ಲ. ದಾರಿ ಬಲ್ಲವರು ಮನೆಯಲ್ಲಿ ಈಗ ದೊಡ್ಡಪ್ಪ ಒಬ್ಬರೇ. ನಡೆದ ದಾರಿಯನ್ನು ಫೋನಿನಲ್ಲಿ ದಾಖಲಿಸಿಕೊಂಡರೆ ಮುಂದಿನವರಿಗೂ ಆಯಿತು ಎಂದುಕೊಂಡು, ಈ ಅಂಗಡಿಯ ಮುಂದೆಯೇ ಜಿಪಿಎಸ್ ಆ್ಯಪ್ ಶುರುಮಾಡಿ ಜೇಬಿಗೆ ಹಾಕಿದೆ.

ನೋಯುವ ಮಂಡಿ ಹಿಡಿದುಕೊಂಡು ದೊಡ್ಡಪ್ಪ ರಾಗಿ ಹೊಲದ ಬದುಗಳ ಮೇಲೆ ಮುಂದೆ ನಡೆದರು. ತಿರುವು ಬಂದಲ್ಲೆಲ್ಲ ನಿಂತು, "ಈ ಹೊಂಗೆಮರ ನೋಡ್ಕಳ್ಲಾ," "ಈ ಬಂಡೆ ನೋಡ್ಕಳ್ಲಾ" ಎನ್ನುತ್ತಿದ್ದರು.

"ಫೋನು ನೋಡ್ಕತ್ತದೆ, ನಡೀರಿ ದೊಡ್ಡಪ್ಪ," ಎಂದೆ. ಎಂಥ ಜಾಣತನ!

ಕಲ್ಲಿಗೆ ಎಣ್ಣೆ ಹಚ್ಚಿ, ಕಾಯಿ ಒಡೆದು, ವಾಪಸ್ಸು ಬಂದು ಫೋನ್ ತೆಗೆದರೆ ನಕ್ಷೆಯಲ್ಲಿ ಗೆರೆಯೇ ಇಲ್ಲ. ಬ್ಯಾಟರಿ ಉಳಿಸಲು ಫೋನು ತಾನಾಗಿಯೇ ಆ್ಯಪನ್ನು ನಿಲ್ಲಿಸಿಬಿಟ್ಟಿದೆ. ಹೊರಟ ಜಾಗದಲ್ಲಿ, ಈ ಅಂಗಡಿಯ ಮುಂದೆ, ಒಂದು ನೀಲಿ ಚುಕ್ಕಿ ಕೂತಿದೆ.

ಕಣ್ಣು ಮುಚ್ಚಿ ದಾರಿಯನ್ನು ನೆನೆಸಿಕೊಳ್ಳಲು ನೋಡಿದೆ. ಹೊಂಗೆಮರದ ಬಳಿ ತಿರುಗಿದ್ದು ಎಡಕ್ಕೋ ಬಲಕ್ಕೋ? ಕಂಡದ್ದು ಮುಂದೆ ಹೋಗುತ್ತಿದ್ದ ದೊಡ್ಡಪ್ಪನ ಬಿರಿದ ಹಿಮ್ಮಡಿಗಳು ಮಾತ್ರ.

"ಬಂತೇನ್ಲಾ ದಾರಿ, ಫೋನ್ನಾಗೆ?" ಎಂದು ದೊಡ್ಡಪ್ಪ ಕೇಳಿದರು.

"ಇಲ್ಲ ದೊಡ್ಡಪ್ಪ. ಹೊರಟಲ್ಲೇ ನಿಂತೋಗ್ಬುಟ್ಟದೆ."

ಅವರು ಮಂಡಿ ನೀವಿಕೊಳ್ಳುತ್ತಾ ನಕ್ಕರು. "ಓಗ್ಲಿ ಬುಡ್ಲಾ. ನನ್ ಕೈಲಿ ಇನ್ನೊಂದ್ಸಲ ಆಗಕ್ಕಿಲ್ಲ. ನೀನು ನೋಡ್ಕಂಡಿದ್ದೀಯಲ್ಲ, ಅಷ್ಟು ಸಾಕು."