ತುಂಬಿಸಬಾರದ ಹರವಿ

ಮೀನುಗಾರ ಕಾಕಾ ಅವರ ಒಂದು ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಸೀಳನ್ನು ಕೊರವ ಮೀನಿನ ಕೆನ್ನೆಯಡಿ ಸಿಕ್ಕಿಸಿ, ಮುಚ್ಚಳ ಎತ್ತಿ, ಒಳಗಿನ ಕೆಂಪು ಕಿವಿರು ತೋರಿಸುತ್ತಿದ್ದರು. ಬಲಗೈಯೋ ಎಡಗೈಯೋ, ಈಗ ಆಣೆಯಿಟ್ಟು ಹೇಳಲಾರೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ನಾಲ್ಕೈದು ವರ್ಷವಾಗಿತ್ತು. ನಾನು ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಮಸ್ಕಿಯಲ್ಲಿ ನಮ್ಮದು ಲಿಂಗ ಕಟ್ಟಿದ ಮನೆ. ಮಗ ಮೀನು ಮುಟ್ಟುತ್ತಾನೆಂದು ಅಪ್ಪನಿಗೆ ಗೊತ್ತಾದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ರಜೆಯಲ್ಲಿ ಕದ್ದು ಹಳ್ಳಕ್ಕೆ ಹೋಗಿ ಈ ಕಾಕಾ ಅವರ ಹತ್ತಿರ ಕೂರುತ್ತಿದ್ದೆ.

"ಕಿವಿರು ಯಾಕ ಇಷ್ಟು ಸಣ್ಣದು ಕಾಕಾ?"

"ಓದಿದವರು ನೀವು ಹೇಳ್ಬೇಕ್ರಿ ಸಣ್ಣ ಸಾವ್ಕಾರ್ರ. ಗಾಳಿ ನುಂಗಾಕ ಮ್ಯಾಲ ಬರತೈತಿ, ನನಗ ಅಷ್ಟಽ ಗೊತ್ತು."

ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ತಡವಾಗಿ. ನುಂಗಿದ ಗಾಳಿಯಿಂದ ಪ್ರಾಣವಾಯು ಪಡೆದ ರಕ್ತ ಮತ್ತೆ ಹೃದಯಕ್ಕೇ ಬಂದು, ಕೆಟ್ಟ ರಕ್ತದೊಡನೆ ಬೆರೆತು, ಕಿವಿರು ಹಾದೇ ಮೈಗೆ ಹೋಗುತ್ತದೆ. ಕಿವಿರು ದೊಡ್ಡದಿದ್ದರೆ ಗಳಿಸಿದ ಪ್ರಾಣವಾಯು ಅದರ ಮೂಲಕ ಕೊಳೆನೀರಿಗೆ ಸೋರಿಹೋಗುತ್ತದೆ.

ಹಳ್ಳ ಬತ್ತುವಾಗ ಕಾಕಾ ಉಳಿದ ದೊಡ್ಡ ಮೀನುಗಳನ್ನು ಮಣ್ಣಿನ ಹರವಿಯಲ್ಲಿಟ್ಟು, ಬಂಡಿಯಲ್ಲಿ ಲಿಂಗಸುಗೂರಿನ ಕಡೆಯ ಒಂದು ಆಳದ ಬಾವಿಗೆ ಒಯ್ಯುತ್ತಿದ್ದರು. ಮಳೆ ಬಿದ್ದಮೇಲೆ ಮರಳಿ ಹಳ್ಳಕ್ಕೆ. ಮುಂದಿನ ವರ್ಷದ ಮೀನೆಲ್ಲ ಅವುಗಳ ಸಂತಾನ. ಹರವಿಯಲ್ಲಿ ನೀರು ಅರ್ಧವೇ ಇರಬೇಕು, ಮೇಲೆ ಗಾಳಿಗೆ ಜಾಗ ಬೇಕು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಆ ದಿನ ಅವರು ಎತ್ತು ಹೂಡಲು ಹೋದಾಗ ನಾನು ಅರ್ಧ ಹರವಿ ನೋಡಿದೆ. ಕಿವಿರಿರುವ ಪ್ರಾಣಿಗೆ ನೀರೇ ಮುಖ್ಯ, ಗಾಳಿ ಬರೀ ಕೈಸಾಲ ಎಂದು ನಂಬಿದ್ದೆ. ಕಂಠಮಟ್ಟ ತುಂಬಿಸಿ, ಬಾಯಿಗೆ ಒದ್ದೆ ಬಟ್ಟೆ ಬಿಗಿದೆ.

ಬಾವಿಯ ಹತ್ತಿರ ಬಿಚ್ಚಿದರೆ ಎಲ್ಲವೂ ಹೊಟ್ಟೆ ಮೇಲಾಗಿದ್ದವು. ಅಲ್ಲಿ ಕಾಯುತ್ತಿದ್ದ ಅವರ ತಮ್ಮ ಕೂಗಿದ: "ಯಾವನಲೇ ತುಂಬಿಸಿದಾಂವ? ಮೀನ ನೀರಾಗ ಉಸರುಗಟ್ಟಿ ಸತ್ತಾವ!"

ಕಾಕಾ ನನ್ನನ್ನು ನೋಡಿದರು. "ನಾನಽ. ವಯಸ್ಸಾತು, ಮರತೆ."

"ಹುಟ್ಟಿದಾಗಿಂದ ಇದಽ ಮಾಡಿ, ಇವತ್ತ ಮರತೀಯೇನು?"

ನಾನು ಬಿಚ್ಚಿದ ಒದ್ದೆ ಬಟ್ಟೆಯನ್ನು ಹಿಂಡಿ ಮಡಚಿದೆ. ಹಿಂದಿರುಗುವಾಗ ಕಾಕಾ ಅಂದದ್ದು ಇಷ್ಟೇ: "ಅಪ್ಪಾರ ಕಿವಿಗೆ ಬೀಳೂದು ಬ್ಯಾಡ್ರಿ. ನೀವು ಓದ್ರಿ."

ಆ ಮಳೆಗಾಲದ ನಂತರ ಹಳ್ಳದಲ್ಲಿ ಕೊರವ ಕಾಣಲಿಲ್ಲ. ಕಾಕಾ ಸಿಂಧನೂರಿನ ಕಾಲುವೆ ಕೆಲಸಕ್ಕೆ ಮಣ್ಣು ಹೊರಲು ಹೋದರು. ಮರುವರ್ಷ ಅಲ್ಲೇ ಜ್ವರ ಬಂದು ತೀರಿಕೊಂಡರಂತೆ.

ನಾನು ಮೇಷ್ಟ್ರಾದೆ. ಪ್ರತಿ ವರ್ಷ ಹಲಗೆಯ ಮೇಲೆ ಕೊರವದ ರಕ್ತದ ದಾರಿ ಬರೆದು, ಮರೆತು ಹರವಿ ತುಂಬಿಸಿದ ಮುದುಕ ಮೀನುಗಾರನ ಕಥೆ ಹೇಳಿದೆ. ಹುಡುಗರು ನಗುತ್ತಿದ್ದರು. ಹೇಳಿ ಹೇಳಿ ಈಗ ನನಗೂ ಅದೇ ಕಾಣುತ್ತದೆ: ಕಾಕಾ ಬಗ್ಗಿ, ಎರಡೂ ಕೈಯಲ್ಲಿ ಬಿಂದಿಗೆ ಹಿಡಿದು ನೀರು ಸುರಿಯುತ್ತಿದ್ದಾರೆ. ಆ ಕೈಗಳನ್ನು ದಿಟ್ಟಿಸುತ್ತೇನೆ. ಎರಡರಲ್ಲೂ ಹೆಬ್ಬೆರಳಿನ ಉಗುರು ಸೀಳಿಲ್ಲ.